ಮುಷ್ಟಿಯಲ್ಲಿದ್ದ ಕೀಗೊಂಚಲು

ಗುರುವಾಯನಕೆರೆ ದಾಟಿ ವೇಣೂರಿನ ಕಡೆಗೆ ಹೋಗುವ ರಸ್ತೆಯ ಒಂದು ತಿರುವಿನಲ್ಲಿ, ಮಳೆಯಲ್ಲಿ, ನಾನು ಬೈಕಿನಿಂದ ಬಿದ್ದೆ. ಇಷ್ಟು ಬರೆದು ನಾನು ಸುಮ್ಮನಾಗಬೇಕು. ಇದಕ್ಕಿಂತ ಹೆಚ್ಚು ಹೇಳಹೊರಟರೆ, ಅದು ನನಗೆ ನಿಜವಾಗಿ ಗೊತ್ತಿರುವುದೋ ಅಥವಾ ಬೇರೆಯವರು ಹೇಳಿ ಹೇಳಿ ನನ್ನ ತಲೆಯೊಳಗೆ ಕೂರಿಸಿದ್ದೋ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ. ಬೀಳುವ ಮೊದಲು ನನ್ನ ಬಲಗೈ ಆಕ್ಸಿಲರೇಟರಿನ ಮೇಲೆ ತಾನಾಗಿಯೇ ಅದುರಿದ್ದು ನೆನಪಿದೆ. ಎಣ್ಣೆ ಸುಟ್ಟಂಥ ವಾಸನೆ ಬಂದದ್ದು ನೆನಪಿದೆ. ಎರಡೂ ನಿನ್ನೆ ನಡೆದಷ್ಟು ಸ್ಪಷ್ಟ. ಆದರೆ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಇವೆರಡೂ ನನ್ನ ಬಳಿ ಇರಲಿಲ್ಲ. ಆಮೇಲೆ ಎಲ್ಲಿಂದ ಬಂದವು?

ಮಡಂತ್ಯಾರಿನ ನಮ್ಮ ಮನೆಯಿಂದ ಮೂಡುಬಿದಿರೆಯ ಕಾಲೇಜಿಗೆ ನಾನು ದಿನಾ ಬೈಕಿನಲ್ಲಿ ಹೋಗುತ್ತಿದ್ದೆ. ಅಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಒದ್ದೆ ಟಾರಿನ ಮೇಲೆ ಟಯರಿನ ಹಿಡಿತ ಎಷ್ಟು ಕಡಿಮೆಯಾಗುತ್ತದೆ ಎಂಬುದನ್ನು ಬೋರ್ಡಿನ ಮೇಲೆ ಲೆಕ್ಕ ಹಾಕಿ ತೋರಿಸಬಲ್ಲೆ. ಅದೆಲ್ಲ ಗೊತ್ತಿದ್ದೂ ಹಾಗೆ ಓಡಿಸುತ್ತಿದ್ದೆನಲ್ಲ ಎಂದು ನಾನೀಗ ತಲೆ ತಗ್ಗಿಸುತ್ತೇನೆಂದು ಯಾರಾದರೂ ಕಾಯುತ್ತಿದ್ದರೆ ಕ್ಷಮಿಸಿ, ಇದನ್ನು ಬರೆಯುತ್ತಿರುವುದು ಅದಕ್ಕಲ್ಲ. ಮಳೆಯಲ್ಲಿ ವೇಗವಾಗಿ ಹೋಗುವುದು ನನಗೆ ಇಷ್ಟವಾಗಿತ್ತು. ಹೆಲ್ಮೆಟ್ಟಿನ ಗಾಜಿನ ಮೇಲೆ ಬಿದ್ದ ಹನಿಗಳು ಮೊದಲು ಕೆಳಗೆ ಇಳಿಯುತ್ತವೆ. ವೇಗ ಹೆಚ್ಚಿದಂತೆ ಪಕ್ಕಕ್ಕೆ ಓಡುತ್ತವೆ. ಇನ್ನೂ ಹೆಚ್ಚಿದರೆ ಮೇಲಕ್ಕೆ ಹತ್ತತೊಡಗುತ್ತವೆ. ಆ ಮೇಲಕ್ಕೆ ಹತ್ತುವ ಹನಿಗಳಿಗಾಗಿಯೇ ನಾನು ಗೇರು ಬದಲಿಸುತ್ತಿದ್ದೆ. ಆ ಹೊತ್ತಿಗೆ ತಲೆಯಲ್ಲಿ ಕಾಲೇಜು ಇರುತ್ತಿರಲಿಲ್ಲ, ಮನೆ ಇರುತ್ತಿರಲಿಲ್ಲ. ಎದುರಿನ ಬಸ್ಸಿನ ಚಕ್ರ ಎಬ್ಬಿಸುವ ನೀರಿನ ಹೊಗೆ, ಅದರಾಚೆ ಏನಿದೆ ಎಂಬ ಪ್ರಶ್ನೆ, ಅಷ್ಟೇ. ರಸ್ತೆ ಅಗಲ ಮಾಡುವ ಕೆಲಸ ನಡೆದಲ್ಲೆಲ್ಲ ಟಿಪ್ಪರುಗಳು ಚೆಲ್ಲಿದ ಕೆಂಪು ಮಣ್ಣು ಮೊದಲ ಮಳೆಗೆ ಸಾಬೂನಿನ ಹಾಗೆ ಜಾರುತ್ತದೆ. ಅದನ್ನು ತೊಳೆಯುವವರಿಲ್ಲ, ಒಂದು ಬೋರ್ಡು ಹಾಕುವವರೂ ಇಲ್ಲ. ನಮ್ಮಲ್ಲಿ ಅದು ಸಾಮಾನ್ಯ. ಬಿದ್ದವನಿಗೆ ಬುದ್ಧಿ ಹೇಳುವುದೂ ಸಾಮಾನ್ಯ.

ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನನಗೆ ಸರಿಯಾಗಿ ಎಚ್ಚರವಾದಾಗ ಬಲ ಹೆಗಲಿನ ಎಲುಬು ಮುರಿದಿತ್ತು. ತಲೆಯ ಮುಂಭಾಗದಲ್ಲಿ ಸ್ವಲ್ಪ ರಕ್ತ ಕಟ್ಟಿಕೊಂಡಿತ್ತು. ಆಪರೇಷನ್ ಬೇಡವೆಂದು ಆಗಲೇ ನಿರ್ಧಾರವಾಗಿತ್ತು. ಮಂಚದ ಪಕ್ಕದಲ್ಲಿ ಅಮ್ಮ ಇದ್ದರು, ಬಂಟ್ವಾಳದಿಂದ ಬಂದ ಜಗನ್ನಾಥ ಮಾವ ಇದ್ದರು. ಮಾವ ಎಂದರೆ ಅಮ್ಮನ ಅಣ್ಣ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ತೀರ್ಮಾನಗಳೆಲ್ಲ ಅವರ ಮೂಲಕವೇ ಹೋಗುತ್ತವೆ.

"ಹೇಗೆ ಬಿದ್ದೆ ನಾನು?" ಎಂದು ಕೇಳಿದೆ. ಆ ಪ್ರಶ್ನೆಯನ್ನು ಆಗಲೇ ಹತ್ತಾರು ಸಲ ಕೇಳಿದ್ದೆನಂತೆ.

ಮಾವ ಅತ್ತಿತ್ತ ನೋಡಿ ಸ್ವರ ತಗ್ಗಿಸಿದರು. "ಫಿಟ್ಸ್ ಬಂದದ್ದು ಮಾರಾಯ ನಿನಗೆ. ಕೈಯಲ್ಲಿ ಕಬ್ಬಿಣ ಕೊಟ್ಟಿದ್ರು."

ಅಮ್ಮ ಪರ್ಸಿನಿಂದ ಒಂದು ಕೀಗೊಂಚಲು ತೆಗೆದು ತೋರಿಸಿದರು. ದಪ್ಪದ ಕಬ್ಬಿಣದ ಬಳೆ, ಅದರಲ್ಲಿ ನಾಲ್ಕೈದು ಕೀಗಳು. ನನ್ನವಲ್ಲ. ಅದನ್ನು ನಾನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ, ಬೆರಳು ಬಿಡಿಸಲು ಇಬ್ಬರು ನರ್ಸುಗಳು ಬೇಕಾಯಿತಂತೆ. ಅಂಗೈಯಲ್ಲಿ ಕೀಯ ಹಲ್ಲುಗಳ ಗುರುತು ಆಗಲೂ ಇತ್ತು.

ನಮ್ಮ ಕಡೆ ಯಾರಿಗಾದರೂ ಫಿಟ್ಸ್ ಬಂದರೆ ಸುತ್ತ ಇದ್ದವರು ಮೊದಲು ಹುಡುಕುವುದು ಕಬ್ಬಿಣವನ್ನು. ಕೈಯಲ್ಲಿ ಕಬ್ಬಿಣ ಇಟ್ಟರೆ ಫಿಟ್ಸ್ ನಿಲ್ಲುತ್ತದೆಂದು ನಂಬಿಕೆ. ಬಸ್‌ಸ್ಟ್ಯಾಂಡಿನಲ್ಲಾಗಲಿ, ಮದುವೆ ಹಾಲಿನಲ್ಲಾಗಲಿ, ಹತ್ತು ಜನ ಹತ್ತು ಕೀಗೊಂಚಲು ಹಿಡಿದು ಓಡಿ ಬರುತ್ತಾರೆ. ನನ್ನನ್ನು ಓಮ್ನಿಯಲ್ಲಿ ಹಾಕಿ ತಂದ ಚಾಲಕ ತಿರುವಿಗೆ ಬಂದು ಮುಟ್ಟುವಾಗ ನನ್ನ ಮುಷ್ಟಿಯಲ್ಲಿ ಕೀಗೊಂಚಲು ಇತ್ತು. ಅವನು ಅದನ್ನು ನೋಡಿದ, ಅರ್ಥ ಮಾಡಿಕೊಂಡ, ಆಸ್ಪತ್ರೆಯಲ್ಲಿ ಹೇಳಿದ. ಅವನು ಹೇಳಿದ್ದನ್ನು ಮಾವ ಕೇಳಿದರು. ಮಾವ ಹೇಳಿದ್ದನ್ನು ಡಾಕ್ಟರು ಬರೆದುಕೊಂಡರು. ಬರೆದುಕೊಂಡ ಮೇಲೆ ಅದು ನನ್ನ ಕಾಯಿಲೆಯಾಯಿತು.

ಕಿರಿಯ ಡಾಕ್ಟರೊಬ್ಬರು ದಿನಾ ಬಂದು ಕೇಳುತ್ತಿದ್ದರು. "ಬೀಳುವ ಮೊದಲು ಏನಾದ್ರೂ ವಾಸನೆ ಬಂದಿತ್ತಾ? ಕೈ ಕಾಲು ಅದುರಿದ ಹಾಗೆ?"

ಮೊದಲ ದಿನ ಇಲ್ಲ ಎಂದೆ. ಮರುದಿನ ಗೊತ್ತಿಲ್ಲ ಎಂದೆ. ಅದರ ಮರುದಿನ ಬಹುಶಃ ಕೈ ಅದುರಿರಬೇಕು ಎಂದೆ. ಅವರು ತಲೆದೂಗಿದರು. ಅಷ್ಟು ದಿನಗಳಲ್ಲಿ ನನ್ನ ಮಾತಿಗೆ ಯಾರಾದರೂ ತಲೆದೂಗಿದ್ದು ಅದೇ ಮೊದಲು. ಮನೆಗೆ ಹೋಗುವ ಹೊತ್ತಿಗೆ ನನ್ನ ಬಳಿ ಅದುರುವ ಕೈಯೂ ಇತ್ತು, ಸುಟ್ಟ ಎಣ್ಣೆಯ ವಾಸನೆಯೂ ಇತ್ತು.

ಮಾವನದು ಇನ್ನೊಂದು ವ್ಯವಸ್ಥೆ. "ಡಾಕ್ಟ್ರ ಹತ್ರ ಎಲ್ಲ ಹೇಳು. ಊರಲ್ಲಿ ಮಾತ್ರ ಸ್ಕಿಡ್ ಆಯ್ತು ಅಂತ ಹೇಳು. ಸ್ಪೀಡು ಇತ್ತು, ಸ್ಕಿಡ್ ಆಯ್ತು. ಯಾರೂ ಎಂತ ಕೇಳುವುದಿಲ್ಲ. ಫಿಟ್ಸ್ ಅಂತ ಹೋದ್ರೆ ನಾಳೆ ಹೆಣ್ಣು ಕೊಡುವವರಿಲ್ಲ."

"ಯಾವುದು ನಿಜ ಮಾವ?"

"ನಿಜ ಇಟ್ಕೊಂಡು ಎಂತ ಮಾಡ್ತೀ? ಗುಣ ಆಗುವುದು ನೋಡು."

ಹೀಗೆ ನನಗೆ ಎರಡು ಅಪಘಾತಗಳಾದವು. ಮನೆಯೊಳಗೆ ಫಿಟ್ಸ್, ಹೊರಗೆ ಸ್ಪೀಡು. ಎರಡರಲ್ಲೂ ನಾನು ಇದ್ದೆನಂತೆ.

ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ. ಬೈಕು ಮುಟ್ಟಬಾರದು, ಕೆರೆಗೆ ಇಳಿಯಬಾರದು, ಏಣಿ ಹತ್ತಬಾರದು. ಬಚ್ಚಲುಮನೆಯ ಚಿಲಕ ಹಾಕಬಾರದು. ಡಾಕ್ಟರು ಇದನ್ನು ಸಾಮಾನ್ಯ ಎಚ್ಚರಿಕೆಯಾಗಿ ಹೇಳಿದ್ದರು. ಅಮ್ಮ ಅದನ್ನು ಕಾನೂನು ಮಾಡಿದರು. ನಾನು ಸ್ನಾನಕ್ಕೆ ಹೋದರೆ ಹೊರಗೆ ಮಣೆ ಹಾಕಿ ಕೂರುತ್ತಿದ್ದರು. ನೀರಿನ ಶಬ್ದ ಸ್ವಲ್ಪ ನಿಂತರೆ ಸಾಕು, "ಮಗಾ?" ಎಂದು ಸ್ವರ ಬರುತ್ತಿತ್ತು.

"ಸೋಪು ಹಾಕ್ತಾ ಇದ್ದೇನೆ ಅಮ್ಮ."

"ಹಾಕು, ಹಾಕು. ನಾನು ಇಲ್ಲಿಯೇ ಇದ್ದೇನೆ."

ಮೂವತ್ತು ದಾಟಿದ ಗಂಡಸು ಸೋಪು ಹಾಕಿಕೊಳ್ಳುವ ವರದಿ ಕೊಡುತ್ತಾ ಸ್ನಾನ ಮಾಡುವುದೆಂದರೆ ಏನೆಂದು ಅನುಭವಿಸಿದವರಿಗೆ ಗೊತ್ತು. ಕೀಗೊಂಚಲು ನನ್ನ ತಲೆದಿಂಬಿನ ಕೆಳಗೆ ಬಂತು. ನಾನು ತೆಗೆದು ಕಪಾಟಿನಲ್ಲಿಟ್ಟರೆ ಸಂಜೆಗೆ ಮತ್ತೆ ದಿಂಬಿನ ಕೆಳಗೆ ಇರುತ್ತಿತ್ತು. "ಅದು ಇದ್ದದ್ದಕ್ಕೇ ಮತ್ತೆ ಬರಲಿಲ್ಲ," ಎಂದು ಅಮ್ಮನ ವಾದ. ಇದನ್ನು ಸುಳ್ಳೆಂದು ತೋರಿಸುವುದು ಹೇಗೆ? ಮಿದುಳಿನ ಇ.ಇ.ಜಿ. ಪರೀಕ್ಷೆ ಸರಿಯಾಗಿ ಬಂದಾಗ ಆಸ್ಪತ್ರೆಯವರೂ ಇದೇ ಧಾಟಿಯಲ್ಲಿ ಹೇಳಿದ್ದರು. ಸರಿಯಾಗಿದೆ ಎಂದರೆ ಕಾಯಿಲೆ ಇಲ್ಲವೆಂದಲ್ಲ. ವೈದ್ಯಶಾಸ್ತ್ರದಲ್ಲಿ ಆ ಮಾತು ಸರಿ, ಆಮೇಲೆ ಓದಿ ನೋಡಿದೆ. ಆದರೂ ಅದನ್ನು ಕೇಳಿದಾಗ ಮೈ ಉರಿದುಹೋಯಿತು. ಮತ್ತೆ ಫಿಟ್ಸ್ ಬಂದರೆ ಕಾಯಿಲೆ ಇದೆ, ಬಾರದಿದ್ದರೆ ಮಾತ್ರೆ ಕೆಲಸ ಮಾಡುತ್ತಿದೆ. ನಾನು ಆರೋಗ್ಯವಂತನೆಂದು ತೋರಿಸಲು ಒಂದು ಕಿಂಡಿಯನ್ನೂ ಯಾರೂ ಬಿಟ್ಟಿರಲಿಲ್ಲ.

ಸಿಟ್ಟಿನ ವಿಷಯವನ್ನು ಇಲ್ಲಿಯೇ ಹೇಳಬೇಕು. ಕಾಲೇಜಿಗೆ ಬಸ್ಸಿನಲ್ಲಿ ಹೋಗತೊಡಗಿದ ಮೇಲೆ ನಾನು ಎಲ್ಲರ ಮೇಲೂ ಹರಿಹಾಯುತ್ತಿದ್ದೆ. ಚಿಲ್ಲರೆ ಕೊಡದ ಕಂಡಕ್ಟರಿನ ಮೇಲೆ, ತಡವಾಗಿ ಬಂದ ವಿದ್ಯಾರ್ಥಿಯ ಮೇಲೆ, "ಈಗ ಹೇಗಿದ್ದೀರಿ ಸರ್?" ಎಂದು ತಲೆಯನ್ನೇ ನೋಡುತ್ತಾ ಕೇಳುವ ಸಹೋದ್ಯೋಗಿಗಳ ಮೇಲೆ. ಒಂದು ದಿನ ಊಟಕ್ಕೆ ಕೂತಿದ್ದಾಗ ಬಟ್ಟಲನ್ನು ಗೋಡೆಗೆ ಎಸೆದೆ. ಗಂಜಿ ಅಮ್ಮನ ಸೀರೆಯ ಮೇಲೆ ಹಾರಿತು. ಮುಂದಿನ ಸಲ ಹೋದಾಗ ಡಾಕ್ಟರಿಗೆ ಹೇಳಿದೆ. "ಈ ಮಾತ್ರೆಯಿಂದ ಕೆಲವರಿಗೆ ಸಿಟ್ಟು ಹೆಚ್ಚಾಗ್ತದೆ," ಎಂದರು ಅವರು, ಸಮಾಧಾನ ಹೇಳುವವರಂತೆ. ನನಗೆ ಸಮಾಧಾನವಾಗಲಿಲ್ಲ. ನೆನಪು ನನ್ನದಲ್ಲವೆಂದು ಅನುಮಾನವಿತ್ತು. ಈಗ ಸಿಟ್ಟೂ ನನ್ನದಲ್ಲವೇ? ಬಸ್ಸಿನಲ್ಲಿ ಕೂತು ಯೋಚಿಸುತ್ತಿದ್ದೆ, ಇದು ನನ್ನ ಸಿಟ್ಟೋ ಮಾತ್ರೆಯ ಸಿಟ್ಟೋ ಎಂದು. ಹಾಗೆ ಯೋಚಿಸುವಾಗಲೇ ಮತ್ತಷ್ಟು ಸಿಟ್ಟು ಬರುತ್ತಿತ್ತು.

ಆಸ್ಪತ್ರೆಯ ನರರೋಗ ವಿಭಾಗದ ಹೊರಗೆ ಕಾಯುವ ಜಾಗ ಉದ್ದದ ಒಂದು ಕಾರಿಡಾರು. ಸ್ವರವಿಲ್ಲದ ಟಿ.ವಿ., ಟೋಕನ್ ಕರೆಯುವ ಹುಡುಗಿ, ಎಲ್ಲರ ಮಡಿಲಲ್ಲೂ ಸ್ಕ್ಯಾನಿನ ದೊಡ್ಡ ಕವರು. ಅಲ್ಲಿ ಹೋಗಿ ಬಂದು ನಾನು ಗಮನಿಸಿದ್ದು ಒಂದು. ಫಿಟ್ಸ್‌ನ ರೋಗಿಗಳು ಡಾಕ್ಟರ ಮುಂದೆ ಹೆಚ್ಚು ಮಾತಾಡುವುದಿಲ್ಲ. ಅವರ ಪಕ್ಕದಲ್ಲಿ ಬಂದವರು ಮಾತಾಡುತ್ತಾರೆ. ಫಿಟ್ಸ್ ಬಂದವನಿಗೆ ತನಗೆ ಏನಾಯಿತೆಂದು ಗೊತ್ತಿರುವುದಿಲ್ಲ, ನೋಡಿದವರಿಗೆ ಗೊತ್ತಿರುತ್ತದೆ. ಗಂಡ ಹೆಂಡತಿಯ ಕಥೆ ಹೇಳುತ್ತಾನೆ, ತಾಯಿ ಮಗಳ ಕಥೆ ಹೇಳುತ್ತಾಳೆ.

ಒಂದು ದಿನ ಪಕ್ಕದ ಕುರ್ಚಿಯಲ್ಲಿ ಕಕ್ಕಿಂಜೆಯ ಒಬ್ಬ ಹಿರಿಯರು ಕೂತಿದ್ದರು. ಚಿಕ್ಕಂದಿನಿಂದ ಫಿಟ್ಸ್ ಇದ್ದವರು, ಜೊತೆಗೆ ಮಗಳು. ಚಕ್ಕುಲಿಯ ಪೊಟ್ಟಣ ನನ್ನ ಕಡೆ ಚಾಚಿ, "ತಕೊಳ್ಳಿ. ಇಲ್ಲಿ ಹಸಿವೆಯಾದ್ರೆ ಅದಕ್ಕೂ ಒಂದು ಸ್ಕ್ಯಾನ್ ಮಾಡ್ತಾರೆ," ಎಂದರು. ಎಷ್ಟೋ ದಿನಗಳ ಮೇಲೆ ನಾನು ನಕ್ಕೆ.

"ನಿಮಗೆ ಎಷ್ಟು ಸಲ ಬಂದಿದೆ?" ಎಂದು ಕೇಳಿದರು.

"ಒಂದೇ ಸಲ. ಬೈಕಿನಲ್ಲಿ."

"ನೋಡಿದ್ದು ಯಾರು?"

ನಾನು ಬಾಯಿ ತೆರೆದೆ. ಮಾವ ಎನ್ನಬೇಕೆಂದಿದ್ದೆ. ಮಾವ ನೋಡಿರಲಿಲ್ಲ. ಅಮ್ಮ ನೋಡಿರಲಿಲ್ಲ. ಓಮ್ನಿಯವನು ಆಮೇಲೆ ಬಂದವನು. ಅವನು ಈಗ ಗಲ್ಫಿನ ದಮ್ಮಾಮಿನಲ್ಲಿದ್ದಾನೆ.

"ಯಾರೋ ನೋಡಿರಬೇಕು," ಎಂದೆ.

"ಯಾರೋ ಅಂದ್ರೆ?" ಎಂದರು ಅವರು. "ನನ್ನದು ಇವಳು ನೋಡಿದ್ದಾಳೆ, ಇವಳ ಅಮ್ಮ ನೋಡಿದ್ದಾಳೆ, ಕಕ್ಕಿಂಜೆ ಪೇಟೆ ಇಡೀ ನೋಡಿದೆ. ನಿಮ್ಮದು ಯಾರೂ ನೋಡ್ಲಿಲ್ಲವಾ? ಒಳ್ಳೆ ಗುಟ್ಟಿನ ಫಿಟ್ಸ್ ನಿಮ್ಮದು!"

ಅವರ ಮಗಳು "ಅಪ್ಪಾ!" ಎಂದು ಗದರಿಸಿದಳು. ನನ್ನ ಟೋಕನ್ ಬಂತು. ಒಳಗೆ ಹೊಸದಾಗಿ ಬಂದ ಡಾಕ್ಟರು ಕೂತಿದ್ದರು. ಮಧ್ಯವಯಸ್ಸಿನ ಹೆಂಗಸು, ಮಾತು ಕಡಿಮೆ. ನಾನು ಕೂರುವ ಮೊದಲೇ ಹೇಳಿದೆ, "ಮೇಡಂ, ನನಗೆ ಫಿಟ್ಸ್ ಬಂದದ್ದನ್ನು ಯಾರೂ ನೋಡಿಲ್ಲ." ಅವರು ಫೈಲು ತಿರುವಿದರು, ಸ್ಕ್ಯಾನನ್ನು ಬೆಳಕಿಗೆ ಹಿಡಿದರು. "ನೋಡಿದವರು ಇದ್ದರೆ ಕರ್ಕೊಂಡು ಬನ್ನಿ, ಇಲ್ಲಾ ಫೋನಿನಲ್ಲಿ ಮಾತಾಡಿಸಿ. ಅಲ್ಲಿಯವರೆಗೆ ಒಂದು ಮಾತ್ರೆಯನ್ನೂ ಬಿಡಬೇಡಿ." ಈ ಕೊನೆಯ ಮಾತನ್ನು ನಾನು ಪಾಲಿಸಿದೆ. ಓದುವವರಲ್ಲಿ ಮಾತ್ರೆ ತಿನ್ನುತ್ತಿರುವವರಿದ್ದರೆ ನೀವೂ ಪಾಲಿಸಿ. ನನ್ನ ಸಿಟ್ಟು ಮಾತ್ರೆಯ ಮೇಲಲ್ಲ.

ಕಾಲೇಜಿಗೆ ಹೋಗುವ ಬಸ್ಸು ದಿನಾ ಆ ತಿರುವಿನಲ್ಲೇ ಹಾದುಹೋಗುತ್ತದೆ. ಅಲ್ಲಿ ಇಳಿಯಬಾರದೆಂದು ಅಮ್ಮ ನನ್ನಿಂದ ಮಾತು ತೆಗೆದುಕೊಂಡಿದ್ದರು. ಬಿದ್ದ ಜಾಗಕ್ಕೆ ಮತ್ತೆ ಕಾಲಿಡಬಾರದಂತೆ. ಡಾಕ್ಟರನ್ನು ಕಂಡ ಮರುದಿನವೇ ಇಳಿದೆ. ಒಂದು ಬಸ್ ಶೆಲ್ಟರು, ಎದುರಿಗೆ ಒಂದೇ ಅಂಗಡಿ. ಬಾಗಿಲಲ್ಲಿ ಬಾಳೆಗೊನೆ, ಒಳಗೆ ಬಿಳಿ ಟೊಪ್ಪಿ ಹಾಕಿದ ಹಮೀದ್ ಸಾಹೇಬರು. ಅವರ ಹೆಸರು ಆಗ ನನಗೆ ಗೊತ್ತಿರಲಿಲ್ಲ. ಅವರಿಗೆ ಮಾತ್ರ ನನ್ನ ಗುರುತು ಸಿಕ್ಕಿತು.

"ಅಲ್ಲಾ! ನೀವಲ್ವಾ? ಬದುಕಿದ್ದೀರಾ?"

"ಬದುಕಿದ್ದೇನೆ ಸಾಹೇಬ್ರೇ. ಒಂದು ವಿಷಯ ಕೇಳ್ಬೇಕಿತ್ತು. ನನಗೆ ಫಿಟ್ಸ್ ಬಂದಾಗ ಕೈಯಲ್ಲಿ ಕೀಗೊಂಚಲು ಕೊಟ್ಟದ್ದು ಯಾರು?"

"ಯಾರಿಗೆ ಫಿಟ್ಸ್?"

"ನನಗೆ."

"ನಿಮಗೆ ಫಿಟ್ಸ್ ಉಂಟಾ? ಮತ್ತೆ ಬೈಕು ಎಂತಕ್ಕೆ ಬಿಡುವುದು ಮಾರಾಯ್ರೇ?"

ಆ ದಿನ ಏನಾಯಿತೆಂದು ಕೇಳಿದೆ. ಅವರು ಹೇಳಿದ್ದು ಹೀಗೆ. ಅದು ಶುಕ್ರವಾರ. ಅವರು ಅಂಗಡಿಗೆ ಬೀಗ ಹಾಕಿ ಜುಮಾ ನಮಾಜಿಗೆ ಹೊರಟಿದ್ದರು. ಮಳೆ ಹೊಯ್ಯುತ್ತಿತ್ತು. ಬಸ್ಸು ಶೆಲ್ಟರಿನ ಮುಂದೆ ನಿಂತಿತು. ಹಿಂದಿನಿಂದ ಬಂದ ನಾನು ನಿಲ್ಲಲಿಲ್ಲ. ಬಸ್ಸನ್ನು ಬಲಕ್ಕೆ ತಪ್ಪಿಸಿದೆ. ಅಲ್ಲಿ ಕೆಂಪು ಮಣ್ಣು. ಬೈಕು ಜಾರಿ ಮಗುಚಿತು, ಅದರ ಜೊತೆ ನಾನೂ. ಅವರು ಓಡಿ ಬಂದರು. ನನ್ನ ಕಾಲು ಬೈಕಿನ ಅಡಿಯಲ್ಲಿತ್ತು.

"ಬೈಕು ಎತ್ತಲಿಕ್ಕೆ ಎರಡು ಕೈ ಬೇಕಲ್ವಾ? ನನ್ನ ಕೈಯಲ್ಲಿ ಅಂಗಡಿಯ ಕೀ. ಕೆಳಗೆ ಇಟ್ರೆ ನೀರಲ್ಲಿ ಹೋಗ್ತದೆ. ನಿಮ್ಮ ಕೈಯಲ್ಲಿ ಕೊಟ್ಟೆ, ಸ್ವಲ್ಪ ಹಿಡ್ಕೊಳ್ಳಿ ಅಂತ ಹೇಳಿದೆ. ನೀವು ಹಿಡ್ಕೊಂಡ್ರಿ. ಎಂಥ ಹಿಡಿತ! ಓಮ್ನಿ ಬಂತು, ನಿಮ್ಮನ್ನು ಹಾಕಿದೆವು, ಓಮ್ನಿ ಹೋಯಿತು. ನಮಾಜು ಮುಗಿಸಿ ಬಂದು ಕಿಸೆಗೆ ಕೈ ಹಾಕಿದ್ರೆ ಕೀ ಇಲ್ಲ!"

"ಮತ್ತೆ?"

"ಮತ್ತೆಂತ? ನನ್ನ ಅಂಗಡಿಯ ಬೀಗ ನಾನೇ ಒಡೆದೆ. ಜನ ಸೇರಿತು, ಬ್ಯಾರಿ ಸ್ವಂತ ಅಂಗಡಿಗೇ ಕನ್ನ ಹಾಕ್ತಾನೆ ಅಂತ ನೆಗಾಡಿದ್ರು."

"ಆಸ್ಪತ್ರೆಗೆ ಬಂದು ಕೇಳಬಹುದಿತ್ತು."

"ಛೆ! ಸಾಯುವವನ ಹತ್ರ ಹೋಗಿ ಕೀ ಕೊಡಿ ಅಂತ ಕೇಳುವುದಾ?"

"ಸಾಹೇಬ್ರೇ, ನಾನು ಎಷ್ಟು ಸ್ಪೀಡಿನಲ್ಲಿದ್ದೆ?"

"ನಾನೇನು ನಿಮ್ಮ ಮೀಟರ್ ನೋಡಿದ್ದಾ? ಸ್ಪೀಡು ಅಂದ್ರೆ ಸ್ಪೀಡು."

ಅಲ್ಲಿಯೇ ನಿಂತು ಡಾಕ್ಟರಿಗೆ ಫೋನ್ ಮಾಡಿದೆ. ಬಿಡುವಾದಾಗ ಅವರೇ ತಿರುಗಿ ಮಾಡಿದರು. ಸ್ಪೀಕರ್ ಹಾಕಿ ಫೋನನ್ನು ತಕ್ಕಡಿಯ ಪಕ್ಕದಲ್ಲಿಟ್ಟೆ.

"ಇವರು ಬಿದ್ದಾಗ ಕೈ ಕಾಲು ನಡುಗ್ತಾ ಇತ್ತಾ?"

"ನಡುಗಿದ್ದು ನಾನು ಡಾಕ್ಟ್ರೇ, ಇವರಲ್ಲ."

"ಬಾಯಲ್ಲಿ ನೊರೆ? ಕಣ್ಣು ಮೇಲೆ ಹೋದದ್ದು?"

"ಇಲ್ಲ. ಕಣ್ಣು ನನ್ನನ್ನೇ ನೋಡ್ತಾ ಇತ್ತು. ಹಿಡ್ಕೊಳ್ಳಿ ಅಂದ ಕೂಡಲೇ ಹಿಡ್ಕೊಂಡ್ರು."

ಆ ಕಡೆಯಿಂದ ಡಾಕ್ಟರು ನಗುವುದು ಕೇಳಿಸಿತು. ನನಗೆ ನಗು ಬರಲಿಲ್ಲ. ಒಬ್ಬ ಮನುಷ್ಯ ಬೈಕು ಎತ್ತಲು ಕೈ ಖಾಲಿ ಮಾಡಿಕೊಂಡದ್ದಕ್ಕೆ ನಾನು ಒಂದೂವರೆ ವರ್ಷ ಚಿಲಕ ಹಾಕದ ಬಚ್ಚಲಿನಲ್ಲಿ ಸ್ನಾನ ಮಾಡಿದ್ದೆ. ಇಷ್ಟು ದಿನ ಯಾರೂ, ಒಬ್ಬರೂ, ಆ ತಿರುವಿಗೆ ಹೋಗಿ ಕೇಳಿರಲಿಲ್ಲ. ಬಸ್ಸು ದಿನಾ ಅಲ್ಲಿ ನಿಲ್ಲುತ್ತಿತ್ತು.

ಡಾಕ್ಟರು ಮತ್ತೊಮ್ಮೆ ಪರೀಕ್ಷೆ ಮಾಡಿಸಿ, ಮಾತ್ರೆಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುವ ಕ್ರಮ ಹಾಕಿಕೊಟ್ಟರು. ಫಿಟ್ಸ್ ಖಂಡಿತ ಇಲ್ಲವೆಂದು ಹೇಳಲಾರೆ, ಇರುವ ಸಾಧ್ಯತೆ ಕಡಿಮೆ ಎಂದರು. ಆ ಎಚ್ಚರದ ಮಾತಿಗಾಗಿ ನಾನು ಅವರನ್ನು ಗೌರವಿಸುತ್ತೇನೆ. ಬೈಕಿನ ಬಗ್ಗೆ ಕೇಳಿದೆ. "ಆರು ತಿಂಗಳು ಕಳೆಯಲಿ, ಆಮೇಲೆ ನೋಡುವ. ಮಳೆಯಲ್ಲಿ ಸ್ಪೀಡು ಹೋಗುವುದಕ್ಕೆ ನನ್ನ ಹತ್ರ ಮಾತ್ರೆ ಇಲ್ಲ," ಎಂದರು.

ಮನೆಯಲ್ಲಿ ವಿಷಯ ಹೇಳಿದ ದಿನ ಬಂಟ್ವಾಳದಿಂದ ಮಾವ ಬಂದರು.

"ಯಾರೋ ಅಂಗಡಿಯವ ಹೇಳಿದ ಅಂತ ಮಾತ್ರೆ ಬಿಡುವುದಾ?"

"ಯಾರೋ ಓಮ್ನಿಯವ ಹೇಳಿದ ಅಂತ ಅಲ್ವಾ ತಿಂದದ್ದು?"

"ನೀನು ಮಾತಾಡುವುದು ನೋಡು! ನಾವು ನಿನ್ನ ಒಳ್ಳೆಯದಕ್ಕೆ..."

"ಮಾವ, ಒಂದು ಸಲ, ಒಂದೇ ಒಂದು ಸಲ ಅಲ್ಲಿಗೆ ಹೋಗಿ ಕೇಳಿದ್ರಾ ನೀವು?"

ಮಾವ ಎದ್ದು ಅಂಗಳಕ್ಕೆ ಹೋದರು. ಅಮ್ಮ ನನ್ನ ಕಡೆ ನೋಡಲಿಲ್ಲ. ಕೀಗೊಂಚಲನ್ನು ಹಿಂದೆ ಕೊಡಬೇಕೆಂದೆ. ಅದಕ್ಕೂ ಅವರು ಒಪ್ಪಲಿಲ್ಲ. ಬೀಗವೇ ಇಲ್ಲದ ಕೀ ಅವರಿಗೆ ಎಂತಕ್ಕೆ ಎಂದರು. ಮರುದಿನ ನಾನು ಸ್ನಾನಕ್ಕೆ ಹೋಗಿ ಚಿಲಕ ಹಾಕಿದೆ. ಹೊರಗೆ ಮಣೆ ಎಳೆದ ಶಬ್ದ ಕೇಳಿಸಿತು. ಯಾರೂ ಕರೆಯಲಿಲ್ಲ. ನಾನು ತುಂಬ ಹೊತ್ತು ನೀರು ಹಾಕಿಕೊಂಡೆ. ಬಾಗಿಲು ತೆರೆದಾಗ ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. ನನಗೆ ಆಗ ಸಿಟ್ಟು ಬರಲಿಲ್ಲ. ಆ ದಿನ ಅಷ್ಟು ಹೊತ್ತು ಮಾತ್ರ ಬರಲಿಲ್ಲ.

ಆದರೆ ನನ್ನ ಸ್ವಭಾವ ಸುಮ್ಮನಿರಲು ಬಿಡಲಿಲ್ಲ. ಹಮೀದ್ ಸಾಹೇಬರು ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರು ಎದುರಿಗಿದ್ದವನಿಗೆ ಬೇಕಾದ್ದನ್ನು ಹೇಳುತ್ತಾರೆ. ಅವರ ನೆನಪಿಗೂ ಒಂದೂವರೆ ವರ್ಷವಾಗಿತ್ತು. ಸ್ವಂತ ನೆನಪನ್ನೇ ನಂಬದ ನಾನು ಅವರದನ್ನು ಯಾಕೆ ನಂಬಬೇಕು? ನನ್ನಲ್ಲಿ ಅದುರುವ ಆ ಕೈ ಇನ್ನೂ ಇತ್ತು. ಅದು ನಡೆದಿರಲಿಲ್ಲವೆಂದು ಬುದ್ಧಿ ಹೇಳಿದರೂ ಕೈ ಅದುರುತ್ತಲೇ ಇತ್ತು, ಇಂದಿಗೂ ಅದುರುತ್ತದೆ. ಇನ್ನೊಬ್ಬ ಸಾಕ್ಷಿ ಬೇಕಿತ್ತು. ಹಮೀದ್ ಸಾಹೇಬರು ಏನು ಹೇಳಿದ್ದಾರೆಂದು ತಿಳಿಯದವರು.

ಆ ದಿನ ಶೆಲ್ಟರಿನಲ್ಲಿ ಬಸ್ಸಿಗೆ ಕಾಯುತ್ತಿದ್ದವರು ಯಾರೆಂದು ಕೇಳಿದಾಗ ಅವರೇ ಒಂದು ಹೆಸರು ಹೇಳಿದರು. ಲೀನಾ ಟೀಚರ್. ಗುರುವಾಯನಕೆರೆಯ ಶಾಲೆಯಲ್ಲಿ ಹಿಂದಿ ಕಲಿಸುತ್ತಾರೆ. ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿ ಇಗರ್ಜಿಯಿಂದ ಬರುವಾಗ ಅವರನ್ನು ಹಿಡಿದೆ. ಕೀಯ ಮಾತೆತ್ತಲಿಲ್ಲ, ಫಿಟ್ಸ್‌ನ ಮಾತೆತ್ತಲಿಲ್ಲ. "ಟೀಚರ್, ಒಂದೂವರೆ ವರ್ಷದ ಹಿಂದೆ ನಿಮ್ಮ ಬಸ್‌ಸ್ಟಾಪಿನಲ್ಲಿ ಬೈಕಿನಿಂದ ಬಿದ್ದವ ನಾನು. ಬಿದ್ದ ಮೇಲೆ ನಾನು ಏನು ಮಾಡ್ತಾ ಇದ್ದೆ, ನೆನಪು ಉಂಟಾ?" ಎಂದಷ್ಟೇ ಕೇಳಿದೆ.

ಅವರು ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಮುಖ ಕೆಂಪಾಯಿತು.

"ಅದೆಲ್ಲ ಈಗ ಯಾಕೆ?"

"ನನಗೆ ಬೇಕು ಟೀಚರ್. ದಯವಿಟ್ಟು."

"ನೀವು ಬೈತಾ ಇದ್ರಿ."

"ಬೈತಾ ಇದ್ದೆನಾ? ಯಾರಿಗೆ?"

"ಯಾರಿಗೆ ಅಂತ ಹೇಳುವುದು? ಬಸ್ಸಿನವನಿಗೆ ಬೈದ್ರಿ. ಮಣ್ಣು ಹಾಕಿದವರಿಗೆ ಬೈದ್ರಿ. ನಿಮ್ಮನ್ನು ಎತ್ತಲಿಕ್ಕೆ ಬಂದ ಆ ಅಂಗಡಿಯವರಿಗೂ ಬೈದ್ರಿ, ಪಾಪ. ಓಮ್ನಿಯ ಬಾಗಿಲು ಹಾಕುವವರೆಗೂ ನಿಲ್ಲಿಸ್ಲಿಲ್ಲ."

"ಏನಂತ ಬೈದೆ?"

"ಅಯ್ಯೋ, ಅದನ್ನು ನನ್ನ ಬಾಯಲ್ಲಿ ಹೇಳಿಸ್ಬೇಡಿ. ನಾನು ಈಗಷ್ಟೇ ಪೂಜೆಯಿಂದ ಬಂದದ್ದು."

ಮರುದಿನ ಹಮೀದ್ ಸಾಹೇಬರ ಅಂಗಡಿಯಲ್ಲಿ ಇಳಿದು ಕೇಳಿದೆ, ಆ ದಿನ, ಇನ್ನೂ ಒಂದು ಮಾತ್ರೆಯನ್ನೂ ತಿನ್ನದ ನಾನು, ನಿಮಗೆ ಬೈದದ್ದು ಹೌದಾ ಎಂದು. ಅವರು ತಕ್ಕಡಿಯಿಂದ ತಲೆ ಎತ್ತದೆ, "ಹೌದು ಮಾರಾಯ್ರೇ, ನಿಮಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ," ಎಂದರು.